ಅಕೂಸ್ಟಿಕ್ ನ್ಯೂರೋಮಾ ಶಸ್ತ್ರಚಿಕಿತ್ಸೆಯ ನಂತರ ಮನೆಯಲ್ಲಿ ಚೇತರಿಕೆ

ಒಳಕಿವಿಯಿಂದ ಮೆದುಳಿಗೆ ಹೋಗುವ ಎಂಟನೇ ನರದ ಹೊದಿಕೆಯಲ್ಲಿ ನಿಧಾನವಾಗಿ ಬೆಳೆಯುವ ಗಡ್ಡೆಗೆ ಅಕೂಸ್ಟಿಕ್ ನ್ಯೂರೋಮಾ ಎನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ. ನಿಮ್ಮ ವರದಿಯಲ್ಲಿ ವೆಸ್ಟಿಬ್ಯುಲರ್ ಶ್ವಾನೋಮಾ ಎಂದು ಬರೆದಿದ್ದರೆ ಗಾಬರಿ ಬೇಡ, ಎರಡೂ ಒಂದೇ. ಈ ನರಕ್ಕೆ ಎರಡು ಕೆಲಸ: ಕೇಳಿಸಿದ್ದನ್ನು ಮೆದುಳಿಗೆ ತಲುಪಿಸುವುದು, ದೇಹದ ಸಮತೋಲನದ ಸುದ್ದಿ ಕೊಡುವುದು. ಮುಖದ ಸ್ನಾಯುಗಳನ್ನು ಆಡಿಸುವ ಏಳನೇ ನರ ಇದಕ್ಕೆ ಅಂಟಿಕೊಂಡಂತೆಯೇ ಸಾಗುತ್ತದೆ. ಮನೆಗೆ ಬಂದ ಮೇಲೆ ಕಾಡುವ ತೊಂದರೆಗಳಲ್ಲಿ ಹೆಚ್ಚಿನವು, ಅಂದರೆ ತಲೆಸುತ್ತು, ಒಂದು ಕಿವಿ ಕೇಳಿಸದಿರುವುದು, ಮುಚ್ಚದ ಕಣ್ಣು, ಸೊಟ್ಟಗಾದ ಬಾಯಿ, ಈ ನೆರೆಹೊರೆಯಿಂದಲೇ ಬರುತ್ತವೆ.

ಆಸ್ಪತ್ರೆಯಿಂದ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಮನೆಗೆ ಕಳಿಸುತ್ತಾರೆ. ಚೇತರಿಕೆಯ ಬಹುಪಾಲು ನಡೆಯುವುದು ಮನೆಯಲ್ಲೇ. ಅದಕ್ಕೆ ವಾರಗಳು ಬೇಕು, ಕೆಲವು ವಿಷಯಗಳಿಗೆ ತಿಂಗಳುಗಳೇ ಬೇಕು. ಈ ಅವಧಿಯಲ್ಲಿ ಸಣ್ಣಪುಟ್ಟ ತೊಂದರೆಗಳು ಹಲವು ಬರುತ್ತವೆ. ತಡ ಮಾಡಿದರೆ ಶಾಶ್ವತ ಹಾನಿಯಾಗುವಂಥವು ಮುಖ್ಯವಾಗಿ ಎರಡು: ಮೂಗಿನಿಂದಲೋ ಗಾಯದಿಂದಲೋ ಸೋರುವ ನೀರು, ಮತ್ತು ಮುಚ್ಚದ ಕಣ್ಣು. ಹಾಗಾಗಿ ಅವೆರಡನ್ನು ಇಲ್ಲಿ ಸ್ವಲ್ಪ ಹೆಚ್ಚು ವಿವರವಾಗಿ ಹೇಳಿದ್ದೇನೆ.

ಮೊದಲು ಡಿಸ್ಚಾರ್ಜ್ ಚೀಟಿ

ಆಸ್ಪತ್ರೆ ಬಿಡುವ ಮುನ್ನವೇ ಚೀಟಿಯನ್ನು ಒಮ್ಮೆ ನರ್ಸ್ ಅಥವಾ ಫಾರ್ಮಸಿಸ್ಟ್ ಜೊತೆ ಕೂತು ಓದಿಸಿಕೊಳ್ಳಿ. 1-0-1 ಎಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಬಿಡಿ ಎಂದರೆ ದಿನಕ್ಕೆ ಎರಡು ಸಲ, ಟಿಡಿಎಸ್ ಎಂದರೆ ಮೂರು ಸಲ, ಎಚ್‌ಎಸ್ ಎಂದರೆ ಮಲಗುವಾಗ, ಎಸ್‌ಒಎಸ್ ಎಂದರೆ ಬೇಕೆನಿಸಿದಾಗ ಮಾತ್ರ. ಒಂದು ಕಡೆ ಎಚ್ಚರ ಬೇಕು. ಮಾತ್ರೆಯ ಮುಂದೆ ಓಡಿ ಎಂದಿದ್ದರೆ ದಿನಕ್ಕೊಂದು ಸಲ. ಕಣ್ಣಿನ ಔಷಧದ ಮುಂದೆ ಅದೇ ಅಕ್ಷರಗಳಿದ್ದರೆ ಬಲಗಣ್ಣು ಎಂದೂ ಆಗಬಹುದು. ಅನುಮಾನ ಬಂದರೆ ಕೇಳಿಬಿಡಿ.

ಮೆದುಳಿನ ಸುತ್ತಲ ಊತ ಇಳಿಸಲು ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಅನ್ನು ಕೆಲವು ದಿನ ಕೊಟ್ಟು, ಹಂತಹಂತವಾಗಿ ಇಳಿಸುವುದು ವಾಡಿಕೆ. ಇದರಲ್ಲಿ 0.5 ಮಿಲಿಗ್ರಾಂ ಮಾತ್ರೆಯೂ ಇದೆ, 4 ಮಿಲಿಗ್ರಾಂ ಮಾತ್ರೆಯೂ ಇದೆ. ಅಂಗಡಿಯಲ್ಲಿ ಒಂದರ ಬದಲು ಇನ್ನೊಂದು ಕೊಟ್ಟರೆ ಪ್ರಮಾಣ ಎಂಟು ಪಟ್ಟು ಏರುಪೇರಾಗುತ್ತದೆ. ಸ್ಟ್ರಿಪ್ ಮೇಲಿನ ಅಂಕಿಯನ್ನು ಚೀಟಿಯ ಜೊತೆ ಹೋಲಿಸಿಯೇ ದುಡ್ಡು ಕೊಡಿ. ಯಾವ ದಿನಾಂಕಕ್ಕೆ ಎಷ್ಟು ಮಾತ್ರೆ ಎಂದು ಕ್ಯಾಲೆಂಡರಿನಲ್ಲೇ ಬರೆದುಕೊಂಡರೆ ಸುಲಭ. ತಿಂಡಿ ಅಥವಾ ಊಟವಾದ ಮೇಲೆ ನುಂಗಿ, ನಡುವೆ ನೀವಾಗಿಯೇ ನಿಲ್ಲಿಸಬೇಡಿ. ನಿದ್ದೆ ಬಾರದಿರುವುದು, ಸಿಡುಕು, ಬಿಕ್ಕಳಿಕೆ, ಹಸಿವು ಹೆಚ್ಚುವುದು ಇದರಿಂದಲೇ ಆಗಿರಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ಈ ದಿನಗಳಲ್ಲಿ ಶುಗರ್ ಖಂಡಿತ ಏರುತ್ತದೆ ಎಂದೇ ಭಾವಿಸಿ ಪದೇಪದೇ ಪರೀಕ್ಷೆ ಮಾಡಿ, ಇನ್ಸುಲಿನ್ ಅಥವಾ ಮಾತ್ರೆಯ ಪ್ರಮಾಣ ಬದಲಿಸಬೇಕೇ ಎಂದು ವೈದ್ಯರನ್ನು ಕೇಳಿ.

ನೋವಿಗೆ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಕೊಟ್ಟಿರುತ್ತಾರೆ. ದಿನವೊಂದಕ್ಕೆ ಒಟ್ಟು 4 ಗ್ರಾಂ ದಾಟಬಾರದು. ತೂಕ ಕಡಿಮೆ ಇರುವವರಿಗೆ, ಯಕೃತ್ತಿನ ತೊಂದರೆ ಇರುವವರಿಗೆ ಇನ್ನೂ ಕಡಿಮೆ. ಡೋಲೋ 650, ಕ್ರೋಸಿನ್, ನೆಗಡಿ ಮಾತ್ರೆ, ಇವು ಹೆಸರು ಬೇರೆಯಾದರೂ ಒಳಗಿರುವುದು ಪ್ಯಾರಾಸಿಟಮಾಲೇ. ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕಿ. ಕಾಂಬಿಫ್ಲಾಮ್, ಡೈಕ್ಲೋಫಿನಾಕ್, ಆಸ್ಪಿರಿನ್ ಮುಂತಾದವನ್ನು ಶಸ್ತ್ರಚಿಕಿತ್ಸಕರು ಒಪ್ಪುವವರೆಗೆ ಮುಟ್ಟಬೇಡಿ. ರಕ್ತಸ್ರಾವದ ಭಯ ಒಂದು ಕಡೆ, ಸ್ಟೆರಾಯ್ಡ್ ಜೊತೆ ಸೇರಿ ಹೊಟ್ಟೆಯಲ್ಲಿ ಹುಣ್ಣು ಮಾಡುವ ಭಯ ಇನ್ನೊಂದು ಕಡೆ. ಹೃದಯಕ್ಕೆಂದು ಮೊದಲಿನಿಂದ ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದವರು ಯಾವ ದಿನ ಮತ್ತೆ ಶುರು ಮಾಡಬೇಕು ಎಂಬುದನ್ನು ಚೀಟಿಯಲ್ಲೇ ಬರೆಸಿಕೊಳ್ಳಿ.

ಮೂಗಿನಿಂದ ನೀರು ಬಂದರೆ ಅದು ನೆಗಡಿಯೇ?

ಮೆದುಳು ಒಂದು ತಿಳಿ ದ್ರವದಲ್ಲಿ ತೇಲುತ್ತಿರುತ್ತದೆ. ಆಸ್ಪತ್ರೆಯವರು ಇದನ್ನು ಸಿಎಸ್‌ಎಫ್ ಎನ್ನುತ್ತಾರೆ. ಗಡ್ಡೆ ತೆಗೆಯಲು ಕಿವಿಯ ಹಿಂದಿನ ಮೂಳೆಯನ್ನು ಕೊರೆದು, ಮೆದುಳಿನ ಪೊರೆಯನ್ನು ತೆರೆದು, ಮತ್ತೆ ಮುಚ್ಚಿರುತ್ತಾರೆ. ಆ ಮುಚ್ಚಿಗೆಯಲ್ಲಿ ಎಲ್ಲಾದರೂ ಸಂದು ಉಳಿದರೆ ದ್ರವ ಗಾಯದ ಮೂಲಕ ಹೊರಬರಬಹುದು. ಅಥವಾ ಮೂಳೆಯೊಳಗಿನ ಗಾಳಿಗೂಡುಗಳಿಂದ ನಡುಕಿವಿಗೆ ಇಳಿಯಬಹುದು. ಕಿವಿತಮಟೆ ಮುಚ್ಚಿರುವುದರಿಂದ ಅಲ್ಲಿಂದ ಹೊರಗೆ ದಾರಿಯಿಲ್ಲ, ಕಿವಿಗೂ ಗಂಟಲಿಗೂ ಇರುವ ನಾಳದಲ್ಲಿ ಹರಿದು ಮೂಗಿಗೆ ಬರುತ್ತದೆ. ಕಿವಿಯ ಶಸ್ತ್ರಚಿಕಿತ್ಸೆಯಾದವರಿಗೆ ಮೂಗಿನಿಂದ ನೀರು ಬರುವುದು ಹೀಗೆ.

ನೆಗಡಿಗೂ ಇದಕ್ಕೂ ವ್ಯತ್ಯಾಸವಿದೆ. ಸಿಎಸ್‌ಎಫ್ ನೀರಿನಷ್ಟು ತೆಳು, ಲೋಳೆಯಿಲ್ಲ, ಹೆಚ್ಚಾಗಿ ಒಂದೇ ಹೊಳ್ಳೆಯಿಂದ ಬರುತ್ತದೆ. ಬಗ್ಗಿದಾಗ, ಮುಕ್ಕಿದಾಗ ಹನಿಹನಿಯಾಗಿ ಬೀಳುತ್ತದೆ. ಮಲಗಿದಾಗ ಗಂಟಲ ಹಿಂಬದಿಗೆ ಉಪ್ಪುಪ್ಪಾದ ನೀರು ಇಳಿದಂತಾಗುತ್ತದೆ. ಬೆಳಿಗ್ಗೆ ದಿಂಬು ಒದ್ದೆಯಾಗಿರುವುದು, ಕಿವಿಯ ಹಿಂದೆ ಬ್ಯಾಂಡೇಜ್ ನೆನೆದಿರುವುದು, ಗಾಯದಡಿ ಮೆತ್ತಗಿನ ಊತ ದೊಡ್ಡದಾಗುತ್ತಿರುವುದು ಕೂಡ ಇದರ ಗುರುತು. ಇಲ್ಲಿ ಇನ್ನೊಂದು ಗೊಂದಲವಿದೆ. ಮುಖದ ನರದ ಜೊತೆಗೆ ನಾಲಿಗೆಯ ರುಚಿಯ ಎಳೆಗಳೂ ಸಾಗುವುದರಿಂದ ಕೆಲವರಿಗೆ ಬಾಯಿ ಯಾವಾಗಲೂ ಲೋಹದ ರುಚಿ ಅನ್ನಿಸುತ್ತದೆ. ಅದರಲ್ಲಿ ನೀರು ಇಳಿಯುವುದಿಲ್ಲ, ಭಂಗಿ ಬದಲಿಸಿದರೆ ಹೆಚ್ಚು ಕಡಿಮೆಯೂ ಆಗುವುದಿಲ್ಲ.

ಸೋರಿಕೆಯ ಅನುಮಾನ ಬಂದ ದಿನವೇ ಶಸ್ತ್ರಚಿಕಿತ್ಸಾ ತಂಡಕ್ಕೆ ಫೋನ್ ಮಾಡಿ. ನೆಗಡಿ ಎಂದುಕೊಂಡು ಸೆಟಿರಿಜಿನ್ ನುಂಗುವುದು, ಮೂಗಿಗೆ ಡ್ರಾಪ್ಸ್ ಬಿಡುವುದು ಬೇಡ. ಅದರಿಂದ ಕಳೆದುಹೋಗುವುದು ಸಮಯ ಮಾತ್ರ. ಶುಗರ್ ಸ್ಟ್ರಿಪ್ ಅದ್ದಿ ಪರೀಕ್ಷಿಸುವ ಉಪಾಯವನ್ನು ಯಾರಾದರೂ ಹೇಳಬಹುದು, ಅದು ನಂಬುವಂಥದ್ದಲ್ಲ. ಶುಭ್ರವಾದ ಸಣ್ಣ ಡಬ್ಬಿಯಲ್ಲಿ ಕೆಲವು ಹನಿ ಹಿಡಿದು ಕೊಂಡೊಯ್ದರೆ ಲ್ಯಾಬಿನಲ್ಲಿ ಸರಿಯಾಗಿ ಪರೀಕ್ಷಿಸಬಹುದು. ಎಷ್ಟೋ ಸೋರಿಕೆಗಳು ಮಲಗಿ ವಿಶ್ರಾಂತಿ ತೆಗೆದುಕೊಂಡು, ಬೆನ್ನಿನಿಂದ ಸ್ವಲ್ಪ ದ್ರವ ತೆಗೆದರೆ ನಿಲ್ಲುತ್ತವೆ; ಕೆಲವಕ್ಕೆ ಮತ್ತೆ ಹೊಲಿಗೆ ಬೇಕಾಗುತ್ತದೆ. ತಡವಾದರೆ ಅದೇ ದಾರಿಯಲ್ಲಿ ಸೋಂಕು ಒಳಹೋಗಿ ಮೆನಿಂಜೈಟಿಸ್ ಆಗುವ ಅಪಾಯವಿದೆ. ಜ್ವರ, ಹಿಂದೆಂದೂ ಕಾಣದ ತಲೆನೋವು, ಕತ್ತು ಬಗ್ಗಿಸಲಾಗದಷ್ಟು ಬಿಗಿತ, ಬೆಳಕು ಸಹಿಸದಿರುವುದು, ವಾಂತಿ, ಮಂಪರು, ಅಸಂಬದ್ಧ ಮಾತು ಕಂಡರೆ ಬೆಳಗಾಗುವವರೆಗೆ ಕಾಯದೆ ತುರ್ತು ವಿಭಾಗಕ್ಕೆ ಹೋಗಿ.

ಸೋರಿಕೆ ತಡೆಯುವುದರಲ್ಲಿ ನಿಮ್ಮ ಕೈಯಲ್ಲಿರುವುದು ತಲೆಯೊಳಗಿನ ಒತ್ತಡ ಏರದಂತೆ ನೋಡಿಕೊಳ್ಳುವುದು. ಮೊದಲ ಕೆಲವು ವಾರ ಮೂಗು ಸೀಟಬೇಡಿ, ಒರೆಸಿಕೊಳ್ಳಿ. ಸೀನು ಬಂದರೆ ತಡೆಹಿಡಿಯದೆ ಬಾಯಿ ತೆರೆದೇ ಸೀನಿ. ನೀರಿನ ಬಕೆಟ್, ಗ್ಯಾಸ್ ಸಿಲಿಂಡರ್, ಮೊಮ್ಮಗು ಯಾವುದನ್ನೂ ಎತ್ತಬೇಡಿ. ನೆಲಕ್ಕೆ ಬಗ್ಗಿ ರಂಗೋಲಿ ಹಾಕುವುದು, ಕಾಲಿಗೆ ಬಿದ್ದು ನಮಸ್ಕಾರ ಮಾಡುವುದು ಸದ್ಯಕ್ಕೆ ಬೇಡ, ಕೈ ಮುಗಿದರೆ ಸಾಕು. ದಿನವೂ ಯೋಗ ಮಾಡುವವರಿಗೆ ಇದನ್ನು ಒತ್ತಿ ಹೇಳಬೇಕು: ಕಪಾಲಭಾತಿ, ಉಸಿರು ಕಟ್ಟುವ ಪ್ರಾಣಾಯಾಮ, ಜಲನೇತಿ, ಶೀರ್ಷಾಸನ, ಸೂರ್ಯನಮಸ್ಕಾರ ಎಲ್ಲಕ್ಕೂ ವೈದ್ಯರ ಅನುಮತಿ ಬೇಕು. ಮಲಬದ್ಧತೆಯೂ ಸಣ್ಣ ವಿಷಯವಲ್ಲ. ಟ್ರಮಡಾಲ್‌ನಂಥ ನೋವಿನ ಮಾತ್ರೆ ಹೊಟ್ಟೆಯನ್ನು ಕಟ್ಟಿಹಾಕುತ್ತದೆ. ಲ್ಯಾಕ್ಟುಲೋಸ್ ಕೊಟ್ಟಿದ್ದರೆ ತಪ್ಪಿಸಬೇಡಿ. ಇಸಬ್‌ಗೋಲ್ ತೆಗೆದುಕೊಳ್ಳುವುದಾದರೆ ದೊಡ್ಡ ಲೋಟ ನೀರಿನ ಜೊತೆಗೇ. ಕುಕ್ಕರುಗಾಲಲ್ಲಿ ಕೂರುವ ಪಾಯಿಖಾನೆ ಇದ್ದರೆ ಕಮೋಡ್ ಕುರ್ಚಿ ಬಾಡಿಗೆಗೆ ಸಿಗುತ್ತದೆಯೇ ನೋಡಿ.

ಮುಚ್ಚದ ಕಣ್ಣು

ಕಣ್ಣು ತೆರೆಯುವುದು ಒಂದು ನರ, ಮುಚ್ಚುವುದು ಮತ್ತೊಂದು. ಮುಚ್ಚುವ ಕೆಲಸ ಏಳನೇ ನರದ್ದು. ಅದು ಸೋತಾಗ ಕಣ್ಣು ತೆರೆದೇ ಇರುತ್ತದೆ, ರೆಪ್ಪೆ ಮಿಟುಕುವುದು ನಿಲ್ಲುತ್ತದೆ, ಕಣ್ಣೀರೂ ಕಡಿಮೆಯಾಗಬಹುದು. ಕಣ್ಣಿನ ಮುಂದಿನ ಪಾರದರ್ಶಕ ಪದರ, ಕಾರ್ನಿಯಾ, ಒಣಗಿ ಬಿರಿದು ಹುಣ್ಣಾಗುತ್ತದೆ. ಹುಣ್ಣು ಮಾಗಿದರೂ ಬಿಳಿ ಕಲೆ ಉಳಿದು ದೃಷ್ಟಿ ಮಂಜಾಗಬಹುದು. ದೊಡ್ಡ ಗಡ್ಡೆ ಇದ್ದವರಲ್ಲಿ ಕಣ್ಣಿನ ಸ್ಪರ್ಶಜ್ಞಾನ ಕೊಡುವ ಐದನೇ ನರವೂ ಮರಗಟ್ಟಿರಬಹುದು. ಆಗ ಅಪಾಯ ಇಮ್ಮಡಿ, ಏಕೆಂದರೆ ಕಣ್ಣು ಹಾಳಾಗುತ್ತಿದ್ದರೂ ನೋವೇ ಆಗುವುದಿಲ್ಲ. ಆದ್ದರಿಂದ ನೋವಿಲ್ಲ ಎಂಬುದನ್ನು ನೆಚ್ಚಿಕೊಳ್ಳದೆ, ಮನೆಯವರಲ್ಲಿ ಒಬ್ಬರು ಬೆಳಿಗ್ಗೆ ಸಂಜೆ ಒಳ್ಳೆಯ ಬೆಳಕಿನಲ್ಲಿ ಆ ಕಣ್ಣನ್ನು ನೋಡುವ ಕೆಲಸ ವಹಿಸಿಕೊಳ್ಳಬೇಕು. ಕೆಂಪು, ಬಿಳಿ ಚುಕ್ಕೆ, ಕೀವು, ಮಂಜು, ಬೆಳಕಿಗೆ ಚುಚ್ಚಿದಂತಾಗುವುದು, ಇವುಗಳಲ್ಲಿ ಒಂದು ಕಂಡರೂ ಅಂದೇ ಕಣ್ಣಿನ ವೈದ್ಯರ ಬಳಿ ಹೋಗಿ.

ಹಗಲಿನಲ್ಲಿ ಕೃತಕ ಕಣ್ಣೀರಿನ ಹನಿ, ರಾತ್ರಿ ಮುಲಾಮು ಅಥವಾ ಜೆಲ್, ಇದು ಸಾಮಾನ್ಯ ಕ್ರಮ. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ 0.5% ಅಥವಾ 1% ಎಂದು ಬಾಟಲಿಯ ಮೇಲೆ ಇರುತ್ತದೆ. ಕಣ್ಣು ಪೂರ್ತಿ ತೆರೆದೇ ಇರುವವರಿಗೆ ಗಂಟೆಗೊಮ್ಮೆ ಹಾಕಲು ಹೇಳುವುದುಂಟು. ದಿನಕ್ಕೆ ನಾಲ್ಕಾರು ಸಲಕ್ಕಿಂತ ಹೆಚ್ಚು ಹಾಕಬೇಕಾಗಿದ್ದರೆ ಪ್ರಿಸರ್ವೇಟಿವ್ ಇಲ್ಲದ್ದನ್ನೇ ಕೇಳಿ ಕೊಳ್ಳಿ. ಸಾಮಾನ್ಯ ಬಾಟಲಿಗಳಲ್ಲಿರುವ ಬೆಂಜಲ್ಕೋನಿಯಂ ಕ್ಲೋರೈಡ್ ಪದೇಪದೇ ತಾಗಿದರೆ ಕಾರ್ನಿಯಾಕ್ಕೇ ತೊಂದರೆ. ಬೆಲೆ ಹೆಚ್ಚು, ಆದರೆ ಇಲ್ಲಿ ಉಳಿತಾಯ ಮಾಡುವ ಜಾಗವಲ್ಲ. ಒಂದು ಸಲಕ್ಕೆ ಒಂದೇ ಹನಿ ಸಾಕು, ಎರಡನೆಯದು ಕೆನ್ನೆಗೆ ಇಳಿಯುತ್ತದೆ. ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಗೆ ಬಿಡಿ, ಬಾಟಲಿಯ ತುದಿ ಎಲ್ಲಿಗೂ ತಾಗಬಾರದು. ಎರಡು ಬಗೆಯ ಹನಿಗಳಿದ್ದರೆ ನಡುವೆ 5 ರಿಂದ 10 ನಿಮಿಷ ಬಿಡಿ, ಮುಲಾಮು ಯಾವಾಗಲೂ ಕೊನೆಗೆ. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆದಿಡಿ. ಹೆಚ್ಚಿನವನ್ನು ಒಂದು ತಿಂಗಳ ಮೇಲೆ ಬಳಸುವಂತಿಲ್ಲ.

ರಾತ್ರಿ ಮುಲಾಮು ಹಚ್ಚಿ, ಬೆರಳಿನಿಂದ ರೆಪ್ಪೆಯನ್ನು ಪೂರ್ತಿ ಮುಚ್ಚಿ, ಮೇಲೆ ಮೈಕ್ರೋಪೋರ್ ಟೇಪ್ ಅಂಟಿಸುವ ವಿಧಾನವನ್ನು ಆಸ್ಪತ್ರೆಯಲ್ಲೇ ಕಲಿತು ಬನ್ನಿ. ಬರೀ ಹತ್ತಿಯನ್ನೋ ಗಾಜನ್ನೋ ಕಣ್ಣಿನ ಮೇಲಿಟ್ಟು ಕಟ್ಟಬೇಡಿ. ಅದರಡಿ ಕಣ್ಣು ತೆರೆದುಕೊಂಡರೆ ಬಟ್ಟೆಯೇ ಕಾರ್ನಿಯಾವನ್ನು ಉಜ್ಜುತ್ತದೆ. ಫ್ಯಾನ್ ಮತ್ತು ಎಸಿ ಗಾಳಿ ನೇರವಾಗಿ ಮುಖಕ್ಕೆ ಬಡಿಯದಂತೆ ಮಂಚವನ್ನು ಸರಿಸಿ. ಹೊರಗೆ ಹೋಗುವಾಗ ಪಕ್ಕ ಮುಚ್ಚುವ ಕನ್ನಡಕ ಬೇಕು, ಕಾಂಟ್ಯಾಕ್ಟ್ ಲೆನ್ಸ್ ಬೇಡ.

ಕಾಡಿಗೆ, ಗುಲಾಬಿ ಜಲ, ಹರಳೆಣ್ಣೆ, ಜೇನು, ಎದೆಹಾಲು, ಇವನ್ನು ಕಣ್ಣಿಗೆ ಬಿಡುವ ಸಲಹೆಯನ್ನು ಊರಿನ ಹಿರಿಯರು ಪ್ರೀತಿಯಿಂದಲೇ ಕೊಡುತ್ತಾರೆ. ಬಿಡಬೇಡಿ. ಅದಕ್ಕಿಂತಲೂ ನನಗೆ ಭಯ ಹುಟ್ಟಿಸುವುದು ಕಣ್ಣು ಕೆಂಪಾಗಿದೆ ಎಂದಾಗ ಕೌಂಟರಿನಿಂದ ಕೈಗೆ ಬರುವ ಸ್ಟೆರಾಯ್ಡ್ ಬೆರೆತ ಆ್ಯಂಟಿಬಯೋಟಿಕ್ ಹನಿ. ಎರಡು ದಿನ ಕೆಂಪು ಇಳಿಯುತ್ತದೆ, ಒಳಗೆ ಹುಣ್ಣಿದ್ದರೆ ಅಷ್ಟರಲ್ಲಿ ಬೆಳೆದಿರುತ್ತದೆ. ಡಬ್ಬಿಯ ಮೇಲೆ ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್, ಲೋಟೆಪ್ರೆಡ್ನಾಲ್ ಎಂಬ ಹೆಸರಿದ್ದರೆ ಕಣ್ಣಿನ ವೈದ್ಯರ ಚೀಟಿಯಿಲ್ಲದೆ ಹಾಕಬೇಡಿ.

ಮುಖದ ನರ

ಆಸ್ಪತ್ರೆಯಲ್ಲಿ ಸರಿಯಿದ್ದ ಮುಖ ಮನೆಗೆ ಬಂದು ಕೆಲವು ದಿನಗಳಾದ ಮೇಲೆ ಸೊಟ್ಟಗಾಗುವುದುಂಟು. ನರದ ಊತದಿಂದ ಹೀಗೆ ತಡವಾಗಿ ಬರುವ ಪಾರ್ಶ್ವವು ಹೆಚ್ಚಿನವರಲ್ಲಿ ಚೆನ್ನಾಗಿಯೇ ಗುಣವಾಗುತ್ತದೆ, ಆದರೂ ಆ ದಿನವೇ ತಂಡಕ್ಕೆ ತಿಳಿಸಿ. ಮುಖದ ಜೊತೆಗೆ ಕೈ ಕಾಲು ಸೋತರೆ, ಮಾತು ತೊದಲಿದರೆ ಅದು ಬೇರೆಯೇ, ಕೂಡಲೇ 112ಕ್ಕೆ ಕರೆ ಮಾಡಿ.

ನಿಮ್ಮ ಚೀಟಿಯಲ್ಲಿ ಹೌಸ್-ಬ್ರ್ಯಾಕ್‌ಮನ್ ಗ್ರೇಡ್ ಎಂದಿದ್ದರೆ ಅದು ಮುಖದ ಬಲದ ಅಳತೆ. 1 ಎಂದರೆ ಸಹಜ, 6 ಎಂದರೆ ಪೂರ್ತಿ ಸೋಲು. ನರ ಮತ್ತೆ ಬೆಳೆಯಬೇಕಾಗಿದ್ದರೆ ಅದರ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಒಂದು ವರ್ಷವೋ ಇನ್ನೂ ಹೆಚ್ಚೋ ಕಾಯಬೇಕಾಗಬಹುದು. ಬಲೂನ್ ಊದಿ, ಚೂಯಿಂಗ್ ಗಮ್ ಅಗಿಯಿರಿ ಎಂಬ ಸಲಹೆ ಎಲ್ಲ ಕಡೆ ಕೇಳಿಬರುತ್ತದೆ. ಬಲೂನ್ ಊದುವುದು ತಲೆಯೊಳಗಿನ ಒತ್ತಡ ಏರಿಸುತ್ತದೆ, ಸೋರಿಕೆಯ ದಿನಗಳಲ್ಲಿ ಅದು ಬೇಡವೇ ಬೇಡ. ಬಲವಂತದ ವ್ಯಾಯಾಮದಿಂದ ಬಾಯಿ ಆಡಿಸಿದರೆ ಕಣ್ಣು ಮುಚ್ಚಿಕೊಳ್ಳುವಂಥ ತಪ್ಪು ಜೋಡಣೆ ಗಟ್ಟಿಯಾಗಬಹುದು. ಕನ್ನಡಿಯ ಮುಂದೆ ನಿಧಾನವಾಗಿ ಮಾಡುವ ಸಣ್ಣ ಚಲನೆಗಳನ್ನು ಮುಖದ ಫಿಸಿಯೋಥೆರಪಿ ಬಲ್ಲವರಿಂದ ಕಲಿಯಿರಿ. ಮುಖಕ್ಕೆ ಕರೆಂಟ್ ಕೊಡಿಸುವ ಮುನ್ನ ಶಸ್ತ್ರಚಿಕಿತ್ಸಕರನ್ನು ಕೇಳಿ.

ತಲೆಸುತ್ತಿಗೆ ಮದ್ದು ನಡಿಗೆ

ಎರಡು ಕಿವಿಗಳಿಂದ ಬರುತ್ತಿದ್ದ ಸಮತೋಲನದ ಸುದ್ದಿ ಈಗ ಒಂದರಿಂದಲೇ ಬರುತ್ತಿದೆ. ಮೆದುಳು ಕಣ್ಣು ಮತ್ತು ಕಾಲುಗಳ ಸಹಾಯದಿಂದ ಹೊಸ ಲೆಕ್ಕ ಕಲಿಯಬೇಕು. ಕಲಿಯಲು ಅದಕ್ಕೆ ಚಲನೆಯೇ ಬೇಕು. ದಿನವಿಡೀ ಮಲಗಿದ್ದರೆ ಚೇತರಿಕೆಯೂ ಮಲಗುತ್ತದೆ. ಮೊದಲು ಜೊತೆಗೊಬ್ಬರನ್ನು ಇಟ್ಟುಕೊಂಡು ಮನೆಯೊಳಗೆ ದಿನಕ್ಕೆ ಹಲವು ಸಲ ಐದೈದು ನಿಮಿಷ, ಆಮೇಲೆ ಅಪಾರ್ಟ್‌ಮೆಂಟಿನ ಆವರಣದಲ್ಲಿ, ಆಮೇಲೆ ಉಬ್ಬುತಗ್ಗಿನ ರಸ್ತೆಯಲ್ಲಿ. ಒಂದು ಅಕ್ಷರವನ್ನು ನೋಡುತ್ತಲೇ ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸುವಂಥ ವ್ಯಾಯಾಮಗಳನ್ನು ಯಾವಾಗ ಶುರು ಮಾಡಬೇಕೆಂದು ಫಿಸಿಯೋಥೆರಪಿಸ್ಟ್ ಹೇಳುತ್ತಾರೆ. ಮಾಡುವಾಗ ಸ್ವಲ್ಪ ತೂರಾಡಿದಂತಾಗುವುದು ನಿರೀಕ್ಷಿತವೇ.

ಇಲ್ಲಿ ಔಷಧದ ಮಾತೊಂದಿದೆ. ಸ್ಟೆಮೆಟಿಲ್, ಸ್ಟುಗೆರಾನ್ ಮುಂತಾದ ತಲೆಸುತ್ತಿನ ಮಾತ್ರೆಗಳು ಮೊದಲ ಕೆಲವು ದಿನ ವಾಂತಿ ತಡೆಯಲು ಒಳ್ಳೆಯವು. ವಾರಗಟ್ಟಲೆ ನುಂಗಿದರೆ ಮೆದುಳಿನ ಕಲಿಕೆಯನ್ನೇ ಮಂದ ಮಾಡುತ್ತವೆ. ವಯಸ್ಸಾದವರಲ್ಲಿ ಮಂಪರು, ನಡುಕ, ಬೀಳುವ ಭಯವೂ ಸೇರಿಕೊಳ್ಳುತ್ತದೆ. ವರ್ಟಿನ್ ಎಂಬ ಬೀಟಾಹಿಸ್ಟಿನ್ ಅಷ್ಟು ಮಂಪರು ತರುವುದಿಲ್ಲ, ಆದರೂ ಹಳೆಯ ಸ್ಟ್ರಿಪ್ ಇದೆಯೆಂದು ನೀವಾಗಿಯೇ ಶುರು ಮಾಡುವುದು ಬೇಡ.

ಕತ್ತಲಲ್ಲಿ ಕಣ್ಣಿನ ಸಹಾಯವೂ ತಪ್ಪುವುದರಿಂದ ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಸಣ್ಣ ದೀಪ ಉರಿಯುತ್ತಿರಲಿ. ಸ್ನಾನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತೇ ಆಗಲಿ, ಬಾಗಿಲಿಗೆ ಚಿಲಕ ಬೇಡ. ತಲೆಸ್ನಾನ ಯಾವಾಗ ಎಂಬುದನ್ನು ಹೊಲಿಗೆ ಬಿಚ್ಚುವ ದಿನ ಕೇಳಿ. ಗಾಯ ಪೂರ್ತಿ ಒಣಗುವವರೆಗೆ ಎಣ್ಣೆಸ್ನಾನವಿಲ್ಲ, ಹಬ್ಬ ಬಂದರೂ. ಕಿವಿಗೆ ಬೆಚ್ಚಗಿನ ಎಣ್ಣೆ ಬಿಡುವುದಂತೂ ಎಂದಿಗೂ ಬೇಡ. ಟ್ರಾನ್ಸ್‌ಲ್ಯಾಬಿರಿಂಥೈನ್ ದಾರಿಯಲ್ಲಿ ಶಸ್ತ್ರಚಿಕಿತ್ಸೆ ಆಗಿದ್ದರೆ ಹೊಟ್ಟೆಯ ಮೇಲೂ ಒಂದು ಗಾಯವಿರುತ್ತದೆ. ತಲೆಯ ಖಾಲಿ ಜಾಗ ತುಂಬಲು ಅಲ್ಲಿಂದ ಕೊಬ್ಬು ತೆಗೆದಿರುತ್ತಾರೆ. ಅದನ್ನೂ ನೋಡುತ್ತಿರಿ. ಒಂದು ಕಾಲು ಊದಿ ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ನೀರು ಕುಡಿದಾಗಲೆಲ್ಲ ಕೆಮ್ಮು ಬಂದರೆ ತಡಮಾಡದೆ ಹೇಳಿ.

ಒಂದು ಕಿವಿಯ ಜೊತೆ

ಕೇಳಿಸದ ಕಿವಿಯಲ್ಲೂ ಗುಂಯ್ ಸದ್ದು ಉಳಿಯಬಹುದು. ಸದ್ದು ಯಾವ ದಿಕ್ಕಿನಿಂದ ಬಂತೆಂದು ತಿಳಿಯುವುದಿಲ್ಲ, ಗಲಾಟೆಯ ನಡುವೆ ಮಾತು ಹಿಡಿಯುವುದು ಕಷ್ಟ. ರಸ್ತೆ ದಾಟುವಾಗ ಹಾರ್ನ್ ನಂಬಬೇಡಿ, ಎರಡೂ ಕಡೆ ನೋಡಿ. ಊಟಕ್ಕೆ ಕೂರುವಾಗ ಕೇಳುವ ಕಿವಿ ಜನರ ಕಡೆಗಿರಲಿ. ಮನೆಯವರು ಹಿಂದಿನಿಂದ ಕೂಗುವ ಬದಲು ಎದುರು ಬಂದು ಮಾತಾಡಲಿ. ಕರೆದರೂ ಕೇಳದಂತೆ ಕೂತಿದ್ದಾರೆ ಎಂಬ ಬೇಸರ ಎಷ್ಟೋ ಮನೆಗಳಲ್ಲಿ ಹುಟ್ಟುವುದು ಇಲ್ಲೇ. ಕೇಳದ ಕಡೆಯ ಸದ್ದನ್ನು ಕೇಳುವ ಕಿವಿಗೆ ದಾಟಿಸುವ ಕ್ರಾಸ್ ಉಪಕರಣ, ಮೂಳೆಯ ಮೂಲಕ ಕೇಳಿಸುವ ಉಪಕರಣಗಳಿವೆ. ಕೆಲವು ತಿಂಗಳ ನಂತರ ಆಡಿಯಾಲಜಿಸ್ಟ್ ಬಳಿ ಹಾಕಿಕೊಂಡು ನೋಡಿ ತೀರ್ಮಾನಿಸಿ.

ಉಳಿದ ಒಂದು ಕಿವಿಯನ್ನು ಕಾಯುವುದು ಇನ್ನು ಜೀವನಪೂರ್ತಿ ಕೆಲಸ. ಜೆಂಟಾಮೈಸಿನ್, ಅಮಿಕಾಸಿನ್, ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದುಗಳು ಕಿವಿಗೆ ಶಾಶ್ವತ ಹಾನಿ ಮಾಡಬಲ್ಲವು. ಮುಂದೆ ಯಾವ ಕಾಯಿಲೆಗೆ ಯಾವ ವೈದ್ಯರ ಬಳಿ ಹೋದರೂ "ನನಗೆ ಒಂದೇ ಕಿವಿ ಕೇಳಿಸುವುದು" ಎಂದು ಮೊದಲೇ ಹೇಳಿ, ಅವರು ಬೇರೆ ಔಷಧ ಆರಿಸಬಹುದು.

ಕೆಲಸ, ಪ್ರಯಾಣ, ಮುಂದಿನ ಸ್ಕ್ಯಾನ್

ಕೂತು ಮಾಡುವ ಕೆಲಸಕ್ಕೆ ಮರಳಲು ಸಾಮಾನ್ಯವಾಗಿ 6 ರಿಂದ 12 ವಾರ ಹಿಡಿಯುತ್ತದೆ. ದಣಿವು ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ, ಮಧ್ಯಾಹ್ನದ ಹೊತ್ತಿಗೇ ಎಲ್ಲ ಶಕ್ತಿ ಮುಗಿದಂತೆ. ಇದು ಸೋಮಾರಿತನವಲ್ಲವೆಂದು ಮನೆಯವರಿಗೂ ಆಫೀಸಿನವರಿಗೂ ವೈದ್ಯರ ಬಾಯಿಂದಲೇ ಹೇಳಿಸಿದರೆ ಒಳ್ಳೆಯದು. ನೋಡಲು ಬರುವ ನೆಂಟರಿಗೆ ಸಂಜೆ ಅರ್ಧ ಗಂಟೆ ಸಾಕು. ಕನ್ನಡಿ ನೋಡಲು ಮನಸ್ಸಾಗದಿರುವುದು, ಮದುವೆ ಮುಂಜಿಗೆ ಹೋಗಲು ಹಿಂಜರಿಯುವುದು, ನಿದ್ದೆಯಿಲ್ಲದೆ ಅಳುವುದು ವಾರಗಳ ನಂತರವೂ ಮುಂದುವರಿದರೆ ಅದನ್ನೂ ಔಷಧದಷ್ಟೇ ಗಂಭೀರವಾಗಿ ವೈದ್ಯರ ಮುಂದೆ ಇಡಿ.

ತಲೆ ತಿರುಗಿಸಿದಾಗ ಜಗತ್ತು ನಿಲ್ಲುವವರೆಗೆ, ವೈದ್ಯರು ಸರಿ ಎನ್ನುವವರೆಗೆ ಸ್ಕೂಟರ್, ಕಾರು ಓಡಿಸಬೇಡಿ. ಮುಂಬೈಯ ಲೋಕಲ್ ರೈಲಿನ ನೂಕುನುಗ್ಗಲೂ ಮೊದಲ ತಿಂಗಳುಗಳಲ್ಲಿ ಬೇಡ. ವಿಮಾನ ಹತ್ತುವ ಮುನ್ನ ತಂಡವನ್ನು ಕೇಳಲೇಬೇಕು. ವಿಶ್ರಾಂತಿಗೆಂದು ಊರಿಗೆ ಹೊರಡುವವರು ಸ್ವಲ್ಪ ತಡೆಯಿರಿ. ಸೋರಿಕೆಯ ಭಯವಿರುವ ಮೊದಲ ವಾರಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆ ಹತ್ತಿರವಿರುವುದೇ ಕ್ಷೇಮ.

ಗಡ್ಡೆ ಪೂರ್ತಿ ಹೋಯಿತೇ ಎಂದು ನೋಡಲು ಎಂಆರ್‌ಐ ಅನ್ನು ಕೆಲವು ತಿಂಗಳ ನಂತರ, ಆಮೇಲೆ ವರ್ಷಗಳ ಕಾಲ ಆಗಾಗ ಮಾಡಿಸುತ್ತಾರೆ. ಮುಖದ ನರ ಉಳಿಸಲೆಂದು ಸ್ವಲ್ಪ ಭಾಗವನ್ನು ಬೇಕೆಂದೇ ಬಿಟ್ಟಿದ್ದರೆ ಈ ಸ್ಕ್ಯಾನ್ ತಪ್ಪಿಸುವಂತೆಯೇ ಇಲ್ಲ. ಹಳೆಯ ಫಿಲ್ಮ್, ಸಿಡಿ ಎಲ್ಲ ಜೋಪಾನವಾಗಿರಲಿ, ಹೋಲಿಸಲು ಅವೇ ಬೇಕು.

ಕೊನೆಗೆ, ಮನೆಯ ಭಾಷೆ ಕನ್ನಡ, ಆಸ್ಪತ್ರೆಯ ಭಾಷೆ ಮರಾಠಿಯೋ ತಮಿಳೋ ತೆಲುಗೋ ಹಿಂದಿಯೋ ಆಗಿರುವ ನಮ್ಮಂಥವರಿಗೆ ಒಂದು ಮಾತು. ರಾತ್ರಿ ಎರಡು ಗಂಟೆಗೆ ಅಮ್ಮನೊಬ್ಬರೇ ರೋಗಿಯನ್ನು ಕರೆದುಕೊಂಡು ಓಡಬೇಕಾಗಿ ಬರಬಹುದು. ರೋಗಿಯ ಹೆಸರು, ವಯಸ್ಸು, ಯಾವ ಕಡೆಯ ಗಡ್ಡೆ, ಶಸ್ತ್ರಚಿಕಿತ್ಸೆಯ ದಿನಾಂಕ, ವಿಧಾನ, ಈಗಿನ ಔಷಧಗಳು, ಅಲರ್ಜಿ, ಶಸ್ತ್ರಚಿಕಿತ್ಸಕರ ತಂಡದ ತುರ್ತು ನಂಬರು ಇಷ್ಟನ್ನು ಇಂಗ್ಲಿಷಿನಲ್ಲಿ ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆಸಿ, ಮೂಗಿನಿಂದ ನೀರು, ಜ್ವರ, ಕತ್ತು ಬಿಗಿತ, ಕಣ್ಣು ಕೆಂಪು ಎಂಬ ನಾಲ್ಕು ಸಾಲುಗಳನ್ನು ಕೆಳಗೆ ಸೇರಿಸಿ. ಎದುರಾದದ್ದಕ್ಕೆ ಗುರುತು ಹಾಕಿ ಕೊಟ್ಟರೆ ಸಾಕು. ಹಾಳೆ ಬೀರುವಿನೊಳಗೆ ಹೋಗದೆ ಫ್ರಿಜ್ಜಿನ ಬಾಗಿಲ ಮೇಲಿರಲಿ.